ಹಂಪವ್ವನಿಗೆ ನಲವತ್ತು ತುಂಬುವ ಮೊದಲು

ಹುಲಿಗಿಗೆ ಹೋಗಿಬಂದವರು ಕಳಕೇಶನ ಟಂಟಂ ಹತ್ತಿರಬಹುದು. ಮುನಿರಾಬಾದ್ ರೈಲು ನಿಲ್ದಾಣದಿಂದ ಹುಲಿಗೆಮ್ಮನ ಗುಡಿಗೆ ದಿನವಿಡೀ ಓಡಾಡುವ ಮೂರು ಗಾಲಿಯ ಬಾಡಿಗೆ ಗಾಡಿ ಅದು. "ಗುಡಿ, ಗುಡಿ, ಗುಡಿ! ಇನ್ನ ಇಬ್ಬರು ಬರ್ರಿ, ಬಿಟ್ಟೆ ನೋಡ್ರಿ!" ಎಂದು ಕಳಕೇಶ ಕೂಗಿದರೆ ರೈಲಿನೊಳಗೆ ನಿದ್ದೆಹೋದವರೂ ಎದ್ದು ಕೂರುತ್ತಾರೆ. ಅವನಿಗೆ ನಲವತ್ತಾರು ವರ್ಷ. ಅಗಲ ಎದೆ, ದೊಡ್ಡ ಮೀಸೆ, ಮೀಸೆಗಿಂತ ದೊಡ್ಡ ನಗು.

ಹೆಂಡತಿ ಹಂಪವ್ವ ಗುಡಿಯ ಬೀದಿಯಲ್ಲಿ ಹಣ್ಣುಕಾಯಿ, ಕುಂಕುಮ, ಹಸಿರು ಬಳೆ ಮಾರುತ್ತಾಳೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂದರೆ ಗಂಡ ಹೆಂಡತಿ ಇಬ್ಬರಿಗೂ ಊಟಕ್ಕೆ ಪುರುಸೊತ್ತಿಲ್ಲ. ಮಗಳು ಅಮೃತಾ ಕೊಪ್ಪಳದಲ್ಲಿ ಕಾಲೇಜು ಓದುತ್ತಾಳೆ. ಗಳಿಕೆಗೆ ಕೊರತೆಯಿಲ್ಲ. ಆದರೆ ಮಂಗಳವಾರ ಬಂದ ಹಣ ಗುರುವಾರದ ಹೊತ್ತಿಗೆ ಎಲ್ಲಿ ಹೋಯಿತು ಎಂದು ಕೇಳಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇದೇನೂ ಅವರೊಬ್ಬರ ಮನೆಯ ಮಾತಲ್ಲ, ಬಿಡಿ.

ಹೋದ ಡಿಸೆಂಬರಿನಲ್ಲಿ ಕಳಕೇಶನ ಕೈಯಲ್ಲಿ ಒಂದಿಷ್ಟು ಹಣ ಸೇರಿತ್ತು. ಹೊಸಪೇಟೆಗೆ ಹೋಗಿ ಟಂಟಂಗೆ ದೊಡ್ಡ ಸೌಂಡ್ ಬಾಕ್ಸ್, ಅದರ ಸುತ್ತ ಬಣ್ಣಬಣ್ಣದ ಲೈಟು ಹಾಕಿಸಬೇಕೆಂದು ಅವನ ಆಸೆ. ಬಂದ ಪ್ರಯಾಣಿಕರಿಗೆಲ್ಲ ಅದನ್ನೇ ಹೇಳುತ್ತಿದ್ದ.

ಆ ಪ್ರಯಾಣಿಕರಲ್ಲಿ ಒಬ್ಬರು ನೂರಸಾಬರು. ಎಪ್ಪತ್ತಮೂರರ ಹಿರಿಯರು. ಮೊದಲು ಗುಡಿಯ ಬೀದಿಯಲ್ಲಿ ದರ್ಜಿ ಅಂಗಡಿ ಇಟ್ಟಿದ್ದರು. ಈಗ ಮುನಿರಾಬಾದಿನಲ್ಲಿ ಮಗನ ಮನೆಯಲ್ಲಿದ್ದಾರೆ. ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಕಳಕೇಶನ ಟಂಟಂ ಹತ್ತಿ ಹುಲಿಗಿಗೆ ಬಂದು, ಹಳೆಯ ಗೆಳೆಯರ ಜೊತೆ ಚಹಾ ಕುಡಿದು ಹೋಗುತ್ತಾರೆ. ಹೋಟೆಲಿನಲ್ಲಿ ಬಿಲ್ಲು ಕೊಡುವವರು ಬಹಳ ಸಲ ಅವರೇ.

ಒಂದು ದಿನ ಕಳಕೇಶ ಚೇಷ್ಟೆಗೆ ಕೇಳಿದ. "ಏನ್ ಚಾಚಾ, ಇವತ್ತ ಮಗ ಎಷ್ಟ ಕೊಟ್ಟು ಕಳ್ಸ್ಯಾನ?"

"ಮಗ ಕೊಟ್ಟಿಲ್ಲಪಾ," ಎಂದರು ನೂರಸಾಬರು. "ನಲವತ್ತೈದು ವರ್ಷದ ನೂರಸಾಬ ಕೊಟ್ಟಾನ."

"ಯಾರಂವ? ನಿಮ್ಮ ಸೋದರಳಿಯನೇನು?"

"ನಾನಾ ಅದೀನಿ! ಆವಾಗ ಕಣ್ಣು ಚುರುಕ ಇದ್ವು, ದಿನಕ್ಕ ಹತ್ತು ರವಿಕಿ ಹೊಲಿತಿದ್ದೆ. ಅದರಾಗ ಒಂದು ರವಿಕಿ ರೊಕ್ಕ ಅಂಚಿ ಕಚೇರ್ಯಾಗ ಇಡ್ತಿದ್ದೆ. ಈಗ ಸೂಜ್ಯಾಗ ದಾರ ಪೋಣ್ಸಾಕ ಬರಂಗಿಲ್ಲ. ಆದ್ರೂ ಬಡ್ಡಿ ತಿಂಗಳಾ ಬರತೈತಿ. ಚಹಾಕ್ಕ ಆತು, ಗುಳಿಗಿಗೂ ಆತು."

ಕಳಕೇಶ ಜೋರಾಗಿ ನಕ್ಕ. "ನಾವು ಗಾಡಿ ಮಂದಿ ಚಾಚಾ. ಕೈಕಾಲು ಗಟ್ಟಿ ಇರೂತನಕ ದುಡಿತೀವಿ. ಆಮ್ಯಾಲ ಅಮೃತಾ ನೋಡ್ಕೊಂತಾಳ. ವಯಸ್ಸಾದವರಿಗೆ ಏನ್ ಖರ್ಚೈತಿ? ಎರಡು ರೊಟ್ಟಿ, ಒಂದು ಕಂಬಳಿ."

ನೂರಸಾಬರು ವಾದಕ್ಕೆ ಇಳಿಯಲಿಲ್ಲ. ಕಳಕೇಶನ ಕಾಲ ಬಳಿ ಇದ್ದ ನೀರಿನ ಬಾಟಲಿ ನೋಡಿದರು. "ಕಳಕೇಶಾ, ಇಷ್ಟು ದಾರ್ಯಾಗ ಆ ಬಾಟ್ಲಿ ಖಾಲಿ ಮಾಡಿದಿ. ನಡುವ ಗಾಡಿ ನಿಲ್ಲಿಸಿ ಗಿಡದ ಮರೆಗೂ ಹೋಗಿ ಬಂದಿ. ಮೊದಲು ಹಿಂಗಿದ್ದಿಲ್ಲ ನೀನು. ಸಕ್ಕರಿ ಟೆಸ್ಟ್ ಮಾಡ್ಸಿಯೇನು?"

"ಟೆಸ್ಟ್ ಮಾಡ್ಸೂದಕ್ಕನಾ ರೋಗ ಹತ್ತೂದು ಚಾಚಾ! ಇಳೀರಿ, ಗುಡಿ ಬಂತು."

ನೂರಸಾಬರು ಇಳಿದು ನೇರವಾಗಿ ಹಂಪವ್ವನ ಅಂಗಡಿಗೆ ಹೋದರು. ಏನು ಹೇಳಿದರೋ ಏನೋ, ಮರುದಿನ ಬೆಳಿಗ್ಗೆ ಕಳಕೇಶ ಗಾಡಿ ಚಾಲೂ ಮಾಡುವಷ್ಟರಲ್ಲಿ ಹಂಪವ್ವ ಹಿಂದಿನ ಸೀಟಿನಲ್ಲಿ ಕೂತಿದ್ದಳು.

"ಸರಕಾರಿ ದವಾಖಾನಿಗೆ ಬಿಡ್ರಿ," ಎಂದಳು. "ಎಲ್ಲಾರಂಗ ಹದಿನೈದು ರೂಪಾಯಿ ಕೊಡ್ತೀನಿ."

"ಯಾಕ? ಏನಾಗೈತಿ ನಿನಗ?"

"ನನಗೇನಾಗಿಲ್ಲ. ಗಾಡಿ ಹೊಡಿಯಾಂವಗ ತೋರಿಸೂದೈತಿ."

ದವಾಖಾನೆಯಲ್ಲಿ ಬೆರಳಿಗೆ ಸೂಜಿ ಚುಚ್ಚಿ ನೋಡಿದರು. ಸಕ್ಕರೆ ಇನ್ನೂರ ತೊಂಬತ್ತು. ರಕ್ತದೊತ್ತಡವೂ ಜಾಸ್ತಿ. ಡಾಕ್ಟರಮ್ಮ ಬೈಯಲಿಲ್ಲ. ಗುಳಿಗೆ ಕೊಟ್ಟರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಕೊಪ್ಪಳಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬರಲು ಚೀಟಿ ಬರೆದರು. "ಸಕ್ಕರೆ ಹಿಡಿತದಲ್ಲಿ ಇಡದಿದ್ದರೆ ಮುಂದೆ ಕಣ್ಣಿಗೆ ತೊಂದರೆ ಆಗಬಹುದು. ನೀವು ಗಾಡಿ ಓಡಿಸೋರು, ವರ್ಷಕ್ಕೊಮ್ಮೆ ತಪ್ಪದೆ ತೋರಿಸಿ," ಎಂದರು.

ಕೊಪ್ಪಳದಲ್ಲಿ ನೋಡಿದಾಗ ಕಣ್ಣಿಗೆ ಏನೂ ಆಗಿರಲಿಲ್ಲ. ಹಂಪವ್ವ ಅಲ್ಲೇ ಹುಲಿಗೆಮ್ಮನಿಗೆ ಕೈಮುಗಿದಳು. ಆದರೆ ಅಂದು ಸಂಜೆ ರೈಲು ಬಂದಾಗ ಕಳಕೇಶ "ಗುಡಿ, ಗುಡಿ" ಎಂದು ಕೂಗಲಿಲ್ಲ. ಹ್ಯಾಂಡಲ್ ಹಿಡಿದು, ಇಳಿದು ಬರುವ ಜನರನ್ನೇ ನೋಡುತ್ತ ಕೂತಿದ್ದ. ಕಣ್ಣಿಲ್ಲದೆ ಗಾಡಿ ಇಲ್ಲ. ಗಾಡಿ ಇಲ್ಲದೆ ರೊಟ್ಟಿ ಎಲ್ಲಿಂದ ಬರಬೇಕು? ನಾಳೆ ಎನ್ನುವುದು ತನಗೂ ಇದೆ ಎಂದು ಅವನಿಗೆ ಹೊಳೆದದ್ದು ಅಂದೇ.

ಮುಂದಿನ ಸೋಮವಾರ ಸಂಜೆ ಸಮುದಾಯ ಭವನದಲ್ಲಿ ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಸಭೆಯಿತ್ತು. ಹಂಪವ್ವ ಆ ಸಂಘದ ಸದಸ್ಯೆ. ಅವಳನ್ನು ಕರೆದೊಯ್ಯಲು ಬಂದ ಕಳಕೇಶ ಬಾಗಿಲ ಬಳಿ ಕೂತ. ಒಳಗೆ ಶೈಲಜಾ ಮಾತಾಡುತ್ತಿದ್ದಳು. ಶೈಲಜಾ ಬ್ಯಾಂಕ್ ಸಖಿ, ಎಂದರೆ ಬ್ಯಾಂಕಿನ ಕೆಲಸವನ್ನು ಊರವರಿಗೆ ತಿಳಿಸಿ ಮಾಡಿಸಿಕೊಡುವವಳು. ಗಂಗಾವತಿಯ ಹುಡುಗಿ, ಹುಲಿಗಿಯ ಸೊಸೆ. ಸ್ಕೂಟರಿನಲ್ಲಿ ಓಣಿ ಓಣಿ ತಿರುಗುತ್ತಾಳೆ.

"ಇವತ್ತ ಒಂದಾ ಪ್ರಶ್ನೆ ಅಕ್ಕಾರ," ಎಂದಳು ಶೈಲಜಾ. "ನಿಮಗ ಎಪ್ಪತ್ತು ವರ್ಷ ಆದಾಗ ಏನ್ ಮಾಡಬೇಕಂತ ಮನಸ್ಸೈತಿ?"

ಹೆಂಗಸರು ಕಿಸಕ್ಕನೆ ನಕ್ಕರು. ಒಬ್ಬಳು ದಿನಾ ಮಿರ್ಚಿ ಬಜ್ಜಿ ತಿನ್ನಬೇಕೆಂದಳು. ಇನ್ನೊಬ್ಬಳಿಗೆ ಹೊಸ ಹಲ್ಲು ಬೇಕಂತೆ, ಮಿರ್ಚಿ ಆಮೇಲೆ. ಹಂಪವ್ವನ ಸರದಿ ಬಂತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನನಗ ರೈಲಿನ್ಯಾಗ ಕಿಡಕಿ ಬಾಜೂಕ ಕುಂತು ದೂರ ಹೋಗಬೇಕ್ರಿ," ಎಂದಳು. "ಸಮುದ್ರ ಬರೂತನಕ."

ಬಾಗಿಲಲ್ಲಿದ್ದ ಕಳಕೇಶ ತಲೆ ಎತ್ತಿದ. ಇಪ್ಪತ್ತೆರಡು ವರ್ಷದಿಂದ ದಿನಾ ರೈಲು ನಿಲ್ದಾಣದ ಮುಂದೆ ನಿಲ್ಲುವವನು ಅವನು. ಬರುವ ರೈಲು, ಹೋಗುವ ರೈಲು ಎಲ್ಲದರ ಟೈಮು ಬಾಯಿಪಾಠ. ಹೆಂಡತಿಗೆ ಇಂಥದ್ದೊಂದು ಆಸೆ ಇದೆಯೆಂದು ಗೊತ್ತಿರಲಿಲ್ಲ. ಅವನು ಕೇಳಿಯೂ ಇರಲಿಲ್ಲ.

"ಭಾಳ ಛಲೋ," ಎಂದಳು ಶೈಲಜಾ. "ಈಗ ಹೇಳ್ರಿ, ಆ ರೈಲಿನ ಟಿಕೀಟು ಯಾರ್ ತಗೀತಾರ? ಮಿರ್ಚಿ ರೊಕ್ಕ ಯಾರ್ ಕೊಡ್ತಾರ?"

ಕಳಕೇಶನಿಗೆ ತಡೆಯಲಾಗಲಿಲ್ಲ. "ಯಾಕ್ರಿ ತಂಗಿ, ಮಕ್ಕಳು ಕೊಡಂಗಿಲ್ಲೇನು? ರೋಗ ಬಂದ್ರ ಆಯುಷ್ಮಾನ್ ಕಾರ್ಡ್ ಐತಲ್ಲ!"

"ಒಳಗ ಬರ್ರಿ ಅಣ್ಣಾರ, ಬಾಗಿಲ್ದಾಗ ಯಾಕ ಕುಂತೀರಿ? ಕಾರ್ಡ್ ಮಾಡ್ಸೀರಿ, ಶಾಣ್ಯಾರಾದ್ರಿ. ಆಸ್ಪತ್ರ್ಯಾಗ ಅಡ್ಮಿಟ್ ಆದ್ರ, ಆಪರೇಶನ್ ಆದ್ರ ಅದು ದೊಡ್ಡ ಆಸರ. ಆದ್ರ ಅಕ್ಕಾರು ಹೇಳಿದ್ರು, ಮೊನ್ನೆ ಕೊಪ್ಪಳಕ್ಕ ಹೋದ ಬಸ್ ಚಾರ್ಜ್ ಕಾರ್ಡ್ ಕೊಟ್ಟಿತೇನು? ಅವತ್ತ ಸಂಜಿತನಕ ಗಾಡಿ ನಿಂತಿತ್ತು, ಆ ದಿನದ ಗಳಿಕಿ ಯಾರ್ ಕೊಟ್ರು? ನಾಳೆ ಚಸ್ಮಾ ಬೇಕಾಗತೈತಿ. ದವಾಖಾನ್ಯಾಗ ಸಿಗದಿರೂ ಗುಳಿಗಿ ಬೇಕಾಗತೈತಿ. ಜೊತಿಗೆ ಬಂದವರಿಗೆ ಊಟ ಬೇಕು."

ಕಳಕೇಶ ಮೀಸೆ ಕೆರೆದುಕೊಂಡ.

"ಅಣ್ಣಾರ, ನೀವು ಟಂಟಂ ಚಾಲೂ ಮಾಡಿದಾಗ ಸೀಟಿಗೆ ಎಷ್ಟಿತ್ತು?"

"ಎರಡು ರೂಪಾಯಿ."

"ಈಗ?"

"ಹದಿನೈದು."

"ಹಂಗಾದ್ರ ಇನ್ನ ಇಪ್ಪತ್ತು ವರ್ಷಕ್ಕ ಒಂದು ಪಾಕೀಟು ಗುಳಿಗಿ ಎಷ್ಟಾದೀತು? ಎರಡು ರೊಟ್ಟಿ ಎಷ್ಟಾದೀತು?"

ಇದು ಕಳಕೇಶನಿಗೆ ಚೆನ್ನಾಗಿ ಅರ್ಥವಾಗುವ ಲೆಕ್ಕ. ಅವನು ಒಳಗೆ ಬಂದು ಚಾಪೆಯ ಮೇಲೆ ಕೂತ.

ಶೈಲಜಾ ಬಿಡಿಸಿ ಹೇಳಿದಳು. ವಯಸ್ಸಾದ ಮೇಲೆ ಖರ್ಚು ಎರಡು ರೀತಿ ಬರುತ್ತದೆ. ಒಂದು ತಿಂಗಳು ತಿಂಗಳು ಬರುವಂಥದ್ದು, ಊಟ, ಗುಳಿಗೆ, ಮೊಬೈಲು, ಚಹಾ. ಅದಕ್ಕೆ ತಿಂಗಳು ತಿಂಗಳು ಬರುವ ಆದಾಯವೇ ಬೇಕು. ಇನ್ನೊಂದು ಹೇಳದೆ ಕೇಳದೆ ಒಮ್ಮೆಲೇ ಬರುವಂಥದ್ದು. ಅದಕ್ಕೆ ಕೈಗೆ ಸಿಗುವ ಹಾಗೆ ಒಂದು ಗಂಟು ಬೇಕು. ತಿಂಗಳ ಆದಾಯಕ್ಕೆ ಅಟಲ್ ಪಿಂಚಣಿ ಯೋಜನೆ ಇದೆ. ಈಗ ಬ್ಯಾಂಕ್ ಖಾತೆಯಿಂದ ತಿಂಗಳು ತಿಂಗಳು ಕಟ್ಟುತ್ತ ಹೋದರೆ, ಅರವತ್ತು ತುಂಬಿದ ಮೇಲೆ ಬದುಕಿರುವ ತನಕ ಪಿಂಚಣಿ ಬರುತ್ತದೆ. ಸಾವಿರದಿಂದ ಐದು ಸಾವಿರದವರೆಗೆ, ನಾವು ಆರಿಸಿಕೊಂಡಷ್ಟು. ಕಟ್ಟಿದವರು ತೀರಿಕೊಂಡ ಮೇಲೆ ಗಂಡನಿಗೋ ಹೆಂಡತಿಗೋ ಅದು ಮುಂದುವರಿಯುತ್ತದೆ. ಆದಾಯ ತೆರಿಗೆ ಕಟ್ಟುವವರಿಗೆ ಮಾತ್ರ ಇದಿಲ್ಲ.

"ಆದ್ರ ಒಂದು ಮಾತು. ನಲವತ್ತು ದಾಟಿದವರನ್ನ ಸೇರಿಸ್ಕೊಳ್ಳೂದಿಲ್ಲ. ಹಂಪವ್ವಕ್ಕಾ, ನಿಮ್ಮ ವಯಸ್ಸೆಷ್ಟು?"

"ಇಕಿಗೆ ಮೂವತ್ತಾರು," ಎಂದ ಕಳಕೇಶ.

"ಮೂವತ್ತೇಳು ಇರಬೇಕು," ಎಂದಳು ಹಂಪವ್ವ. "ನಾ ಹುಟ್ಟಿದ್ದು ಎಳ್ಳಮವಾಸಿ ಮರುದಿನ ಅಂತ ನಮ್ಮವ್ವ ಹೇಳ್ತಿದ್ಲು. ವರ್ಷ ಹೇಳಲಿಲ್ಲ."

ಶೈಲಜಾ ಆಧಾರ್ ಕಾರ್ಡ್ ಕೇಳಿ ನೋಡಿದಳು. ನೋಡಿದವಳೇ ಎದ್ದು ನಿಂತಳು. "ಅಕ್ಕಾರ! ಜನವರಿ ಒಂದಕ್ಕ ನಿಮಗ ನಲವತ್ತು ತುಂಬತೈತಿ!"

"ಅಯ್ಯ, ಜನವರಿ ಒಂದು ಅಂತ ಯಾರ್ ಬರದ್ರು?"

"ನಮ್ಮ ಓಣ್ಯಾಗ ಅರ್ಧ ಮಂದಿ ಜನವರಿ ಒಂದಕ್ಕನಾ ಹುಟ್ಯಾರ ಬಿಡು," ಎಂದ ಕಳಕೇಶ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಆದರೆ ಶೈಲಜಾ ನಗಲಿಲ್ಲ. ಅಂದು ಡಿಸೆಂಬರ್ ಇಪ್ಪತ್ತೆರಡು. ಉಳಿದದ್ದು ಒಂಬತ್ತೇ ದಿನ. ಅದರಲ್ಲಿ ಕ್ರಿಸ್‌ಮಸ್ ರಜೆ, ನಾಲ್ಕನೇ ಶನಿವಾರ, ಭಾನುವಾರ.

"ನನಗ?" ಎಂದು ಕೇಳಿದ ಕಳಕೇಶ. ಅವನ ದನಿ ಸಣ್ಣದಾಗಿತ್ತು.

"ನಿಮಗ ಈ ಬಾಗಿಲು ಮುಚ್ಚೇತಿ ಅಣ್ಣಾರ. ಬ್ಯಾರೆ ಬಾಗಿಲು ಅದಾವ, ಹೇಳ್ತೀನಿ. ಮೊದಲು ಅಕ್ಕಾರದು ಮುಗಿಸೂಣು."

ಮರುದಿನ ಮಧ್ಯಾಹ್ನ ಇಬ್ಬರೂ ಬ್ಯಾಂಕಿಗೆ ಹೋದರು. ಅಲ್ಲೊಂದು ತೊಡಕು. ಪಾಸ್‌ಬುಕ್ಕಿನಲ್ಲಿ 'ಹಂಪಮ್ಮ' ಎಂದಿತ್ತು, ಆಧಾರಿನಲ್ಲಿ 'ಹಂಪವ್ವ'. ಎರಡೂ ಒಂದಾಗದೆ ಅರ್ಜಿ ಮುಂದೆ ಹೋಗುವುದಿಲ್ಲ.

"ಎರಡೂ ಇಕಿನಾ ಅದಾಳ್ರಿ ಸಾಹೇಬ್ರ!" ಎಂದ ಕಳಕೇಶ. "ಇಪ್ಪತ್ತು ವರ್ಷದಿಂದ ಒಂದಾ ಮನ್ಯಾಗ ಅದೀವಿ. ನಾ ಸಾಕ್ಷಿ!"

"ನನಗ ಗೊತ್ತೈತ್ರಿ, ಇವರ ಹತ್ರನಾ ಕಾಯಿ ತಗೊಂತೀನಿ," ಎಂದರು ಬ್ಯಾಂಕಿನವರು ನಗುತ್ತ. "ಕಂಪ್ಯೂಟರಿಗೆ ಗೊತ್ತಿಲ್ಲಲ್ಲ?"

ಹೆಸರು ತಿದ್ದಲು ಬುಧವಾರ ಅರ್ಜಿ ಕೊಟ್ಟರು. ಶುಕ್ರವಾರ ಕೇಳಿದರೆ ಇನ್ನೂ ಆಗಿರಲಿಲ್ಲ. ಸೋಮವಾರ ಹೆಸರು ಸರಿಯಾಗಿತ್ತು, ಆದರೆ ಸರ್ವರ್ ನಿಂತಿತ್ತು. ಸಂಜೆಯವರೆಗೆ ಕಾದು ಕಾದು ಹಂಪವ್ವನಿಗೆ ಕಾಲು ಜೋಮು ಹಿಡಿಯಿತು. "ನಾಳೆ ಹತ್ತು ಗಂಟೆಕ್ಕ ಬರ್ರಿ. ಕಡೀ ದಿನ ನೋಡಿಕೊಂಡ್ರಾತು ಅನಬ್ಯಾಡ್ರಿ," ಎಂದರು ಬ್ಯಾಂಕಿನವರು.

ನಾಳೆ ಎಂದರೆ ಮಂಗಳವಾರ. ವರ್ಷದ ಕೊನೆಯ ಮಂಗಳವಾರ.

ಬೆಳಿಗ್ಗೆ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳನ್ನು ಎತ್ತಿಕೊಂಡವರು, ಗಂಟು ಹೊತ್ತವರು, ಎಲ್ಲರೂ "ಗುಡಿಗೆ ಬರ್ತೀರೇನು?" ಎಂದು ಟಂಟಂ ಸುತ್ತ ಮುತ್ತಿಕೊಂಡರು. ಕಳಕೇಶನ ಮನಸ್ಸು ಡೋಲಾಯಮಾನವಾಯಿತು. ಮುಂದಿನ ಸೀಟಿನಲ್ಲಿ ಆಗಲೇ ನೂರಸಾಬರು ಕೂತಿದ್ದರು.

"ಚಾಚಾ, ಇಂಥಾ ಮಂಗಳವಾರ ವರ್ಷಕ್ಕ ನಾಕು ಬರತಾವ. ಬ್ಯಾಂಕಿಗೆ ನಾಳೆ ಹೋದ್ರ ಆಗಂಗಿಲ್ಲೇನು? ಹೋಗ್ಲಿ ಬಿಡ್ರಿ, ಅಮೃತಾ ಅದಾಳ. ಭಾಳ ಛಲೋ ಹುಡುಗಿ. ನಮ್ಮನ್ನ ಕೈ ಬಿಡಂಗಿಲ್ಲ."

ನೂರಸಾಬರು ಅಂಗಿಯ ಗುಂಡಿ ಸರಿಮಾಡಿಕೊಂಡು ನಿಧಾನವಾಗಿ ಹೇಳಿದರು.

"ನನ್ನ ಮಗನೂ ಛಲೋ ಅದಾನ ಕಳಕೇಶಾ. ಐದು ವರ್ಷದ ಹಿಂದ ನನಗ ಹೊಟ್ಟಿ ಆಪರೇಶನ್ ಆತು. ನನ್ನ ಬಾಜೂ ಹಾಸಿಗ್ಯಾಗ ನನ್ನಷ್ಟಾ ವಯಸ್ಸಿನಾಂವ ಒಬ್ಬಾಂವ ಇದ್ದ. ಅಂವನ ಮಗನೂ ಛಲೋನಾ ಇದ್ದ. ಆದ್ರ ಆ ಮಗ ನಿಂತಲ್ಲಿ ನಿಲ್ಲಲಿಲ್ಲ. ಅವರಿಗೆ ಫೋನು, ಇವರಿಗೆ ಫೋನು, ರೊಕ್ಕ ಹೊಂದಸಾಕ ಊರೂರು ಓಡ್ಯಾಡಿದ. ಅಂವನ ಅಪ್ಪ ಬಾಗಿಲ ಕಡೆ ನೋಡ್ಕೋತ ಮಲಗಿದ್ದ. ನನ್ನ ಮಗ ಮೂರು ದಿನ ನನ್ನ ಕೈ ಹಿಡ್ಕೊಂಡು ಕುಂತಿದ್ದ. ಯಾಕಂದ್ರ ಅಂವಗ ಓಡ್ಯಾಡೂ ಕೆಲಸ ನಾ ಇಟ್ಟಿರಲಿಲ್ಲ."

ಅಷ್ಟು ಹೇಳಿ ನೂರಸಾಬರು ಗಾಡಿಯಿಂದ ಇಳಿದರು. "ನಾ ಇವತ್ತ ನಡಕೋತ ಹೋಗ್ತೀನಿ. ನಿನ್ನ ಹೇಣ್ತಿ ಕರಕೊಂಡು ಹೋಗು."

ಕಳಕೇಶ ಗಾಡಿ ತಿರುಗಿಸಿದ. "ಅಣ್ಣಾರ, ಇವತ್ತ ಗಾಡಿ ಇಲ್ರಿ! ನಮ್ಮ ಮನಿಯಾಕಿದು ಕೆಲಸೈತಿ!" ಎಂದು ಕೂಗುತ್ತ, ಕೈ ಮಾಡಿದವರಿಗೆಲ್ಲ ನಮಸ್ಕಾರ ಮಾಡುತ್ತ ಖಾಲಿ ಟಂಟಂ ಓಡಿಸಿದ. ಗುಡಿಯ ಬೀದಿಯಲ್ಲಿ ಹಂಪವ್ವನ ಅಂಗಡಿಯ ಮುಂದೆಯೂ ಜನ ಸೇರಿದ್ದರು. ಅವಳು ಕಾಯಿಬುಟ್ಟಿ ಪಕ್ಕದ ಅಂಗಡಿಯ ರೇಣುಕಮ್ಮನಿಗೆ ಒಪ್ಪಿಸಿ, ಸೆರಗು ಕೊಡವಿ, ಗಾಡಿ ಹತ್ತಿದಳು.

ಹನ್ನೊಂದೂವರೆಗೆ ಸರ್ವರ್ ಬಂತು. ಹನ್ನೆರಡಕ್ಕೆ ಹಂಪವ್ವ ಅರ್ಜಿಯ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ತಿಂಗಳಿಗೆ ಮೂರು ಸಾವಿರದ ಪಿಂಚಣಿ ಆರಿಸಿಕೊಂಡಳು. ಪ್ರತಿ ತಿಂಗಳು ಎಷ್ಟು ಕಟ್ಟಬೇಕೆಂದು ಬ್ಯಾಂಕಿನವರು ಹೇಳಿದಾಗ ಕಳಕೇಶ ಮನಸ್ಸಿನಲ್ಲೇ ಕೂಡಿಸಿ ನೋಡಿದ.

"ನಾ ತಿಂಗಳಿಗೆ ಗುಟಕಾಕ್ಕ ಹಾಕೂದೂ ಇಷ್ಟಾ ಐತಿ," ಎಂದು ಗೊಣಗಿದ.

"ಕೇಳ್ಸಿತು," ಎಂದಳು ಹಂಪವ್ವ.

ಹೊಸ ವರ್ಷದ ಮೊದಲ ವಾರ ಶೈಲಜಾ ಕಳಕೇಶನನ್ನು ಅಂಚೆ ಕಚೇರಿಗೆ ಕರೆದೊಯ್ದಳು. ನೂರಸಾಬರೂ ಜೊತೆಗೆ ಬಂದರು, ಅದು ಅವರ ಹಳೆಯ ಅಡ್ಡೆ. ಅಲ್ಲಿ ಕಳಕೇಶ ಪಿಪಿಎಫ್ ಖಾತೆ ತೆರೆದ. ಹದಿನೈದು ವರ್ಷದ ಉಳಿತಾಯ ಅದು. ಅವನಿಗೆ ಅರವತ್ತು ದಾಟುವ ಹೊತ್ತಿಗೆ ಕೈಗೆ ಬರುತ್ತದೆ. ಹುಣ್ಣಿಮೆ ತಿಂಗಳಲ್ಲಿ ಹೆಚ್ಚು ಕಟ್ಟಬಹುದು, ಜನ ಬಾರದ ತಿಂಗಳಲ್ಲಿ ಕಡಿಮೆ ಕಟ್ಟಬಹುದು. ಗಾಡಿ ಮಂದಿಗೆ ಇದು ಹೊಂದುತ್ತದೆ. ಒಮ್ಮೆಲೇ ಬರುವ ಖರ್ಚಿಗೆಂದು ತಿಂಗಳು ತಿಂಗಳು ಕಟ್ಟುವ ಆರ್.ಡಿ.ಯನ್ನೂ ಮಾಡಿಸಿದ. ಜೊತೆಗೆ ಬ್ಯಾಂಕಿನಲ್ಲಿ, ವರ್ಷಕ್ಕೆ ಇಪ್ಪತ್ತು ರೂಪಾಯಿಯ ಅಪಘಾತ ವಿಮೆ. ರಸ್ತೆಯ ಮೇಲೆಯೇ ಬದುಕುವವನಿಗೆ ಅದು ಬೇಕೇ ಬೇಕು.

ಸೌಂಡ್ ಬಾಕ್ಸ್ ಏನಾಯಿತು ಎನ್ನುತ್ತೀರಾ? ಕಳಕೇಶ ಆಸೆ ಬಿಟ್ಟಿದ್ದ. ಹಂಪವ್ವನೇ ಹೇಳಿದಳು, "ಸಣ್ಣದೊಂದು ತಗೋರಿ. ಮುಪ್ಪಿಗೆ ಇಡಬೇಕಂತ ಈಗಿನ ನಗಿ ಬಿಡಬೇಕೇನು?" ಈಗ ಗಾಡಿಯಲ್ಲಿ ಅಂಗೈಯಗಲದ ಒಂದು ಡಬ್ಬಿ ಹಾಡುತ್ತದೆ. ಲೈಟು ಮಾತ್ರ ಹಾಕಿಸಲಿಲ್ಲ.

ಮಾರ್ಚಿನಲ್ಲಿ ಅವನ ಸಕ್ಕರೆ ನೂರ ನಲವತ್ತೈದಕ್ಕೆ ಇಳಿಯಿತು. ಚಹಾಕ್ಕೆ ಸಕ್ಕರೆ ಬಿಟ್ಟ. ಗುಟಕಾವನ್ನು ಎರಡು ಸಲ ಬಿಟ್ಟು ಎರಡು ಸಲ ಹಿಡಿದು, ಮೂರನೇ ಸಲ ಬಿಟ್ಟಿದ್ದಾನೆ. ಮಗಳು ಅಮೃತಾ ರಜೆಗೆ ಬಂದಾಗ ಇದನ್ನೆಲ್ಲ ಕೇಳಿ ಸ್ವಲ್ಪ ಮುನಿಸಿಕೊಂಡಳು. "ನಾ ನೋಡ್ಕೊಳ್ಳೂದಿಲ್ಲ ಅಂತ ಅನ್ಕೊಂಡ್ರೇನು?"

"ನೋಡ್ಕೊಂತಿ ಅಂತನಾ ಮಾಡೀವವಾ," ಎಂದ ಕಳಕೇಶ. "ನೀ ಬಂದ್ರ ನಮ್ಮ ಬಾಜೂಕ ಕುಂಡ್ರಬೇಕು. ರೊಕ್ಕಕ್ಕ ಓಡಬಾರದು."

ಅವನೀಗ ನಿಲ್ದಾಣದಲ್ಲಿ ಹೊಸ ಕೆಲಸ ಹಚ್ಚಿಕೊಂಡಿದ್ದಾನೆ. ಟಂಟಂ ಹತ್ತಿದವರನ್ನು ಮೊದಲು ವಯಸ್ಸು ಕೇಳುತ್ತಾನೆ. ಹೆಂಗಸರು ಮುಖ ತಿರುಗಿಸುತ್ತಾರೆ, ಆದರೂ ಬಿಡುವುದಿಲ್ಲ. ಜೊತೆಗೆ ಗಾಡಿ ಓಡಿಸುವ ಶಫೀಸಾಬನಿಗೆ ಮೂವತ್ತೆಂಟು ಎಂದು ಗೊತ್ತಾದ ದಿನ, ಅವನ ಗಾಡಿಯ ಕೀಲಿ ಕಿತ್ತುಕೊಂಡು ಬ್ಯಾಂಕಿಗೆ ಕರೆದೊಯ್ದ. ಶಫೀಸಾಬ ದಾರಿಯುದ್ದಕ್ಕೂ ಬೈದ. ಬರುವಾಗ ಇಬ್ಬರೂ ಮಿರ್ಚಿ ತಿಂದರು, ಕಳಕೇಶ ಒಂದೇ ಒಂದು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿದಿರಿ, ಅಥವಾ ಯಾರೋ ಓದಿದ್ದನ್ನು ಕೇಳಿದಿರಿ. ಈಗ ನಿಮ್ಮ ಆಧಾರ್ ಕಾರ್ಡ್ ತೆಗೆದು ಹುಟ್ಟಿದ ದಿನ ನೋಡಿ. ನಿಮ್ಮ ಲೆಕ್ಕ ಬೇರೆ ಇರಬಹುದು, ಬ್ಯಾಂಕು ನಂಬುವುದು ಕಾರ್ಡನ್ನೇ. ಪಾಸ್‌ಬುಕ್ಕಿನಲ್ಲಿ ಹೆಸರು ಸರಿ ಇದೆಯೇ ನೋಡಿ. ಮೂವತ್ತು ದಾಟಿದ್ದರೆ ಹತ್ತಿರದ ಸರಕಾರಿ ದವಾಖಾನೆಯಲ್ಲಿ ಸಕ್ಕರೆ, ರಕ್ತದೊತ್ತಡ ತೋರಿಸಿಕೊಳ್ಳಿ. ನಲವತ್ತರ ಒಳಗಿದ್ದರೆ ಪಿಂಚಣಿ ಯೋಜನೆಯ ಬಗ್ಗೆ ಬ್ಯಾಂಕಿನಲ್ಲಿ ಕೇಳಿ. ದಾಟಿದ್ದರೆ ಅಂಚೆ ಕಚೇರಿಯಲ್ಲಿ ಕೇಳಿ. ನಿಯಮಗಳು ಬದಲಾಗುತ್ತಿರುತ್ತವೆ, ಅಲ್ಲಿಯೇ ಕೇಳಿ ತಿಳಿಯುವುದು ಒಳ್ಳೆಯದು. ಸಣ್ಣ ಮೊತ್ತ ಎಂದು ನಾಚಬೇಡಿ. ಗಳಿಕೆ ಇರುವಾಗ ಎತ್ತಿಟ್ಟದ್ದು ಗಳಿಕೆ ನಿಂತಾಗ ನಿಮ್ಮ ತಲೆ ಎತ್ತಿ ನಿಲ್ಲಿಸುತ್ತದೆ.

ಬ್ಯಾಂಕಿನ ಬಾಗಿಲು ಇನ್ನೂ ತೆರೆದಿದ್ದರೆ ಇವತ್ತೇ ಹೋಗಿ. ಮುಚ್ಚಿದ್ದರೆ ನಾಳೆ ಬೆಳಿಗ್ಗೆ ಮೊದಲ ಟಂಟಂ ಹಿಡಿಯಿರಿ.